ನಾಡಿ ಸಿಗದ ಕೈ

ಹೋದ ವರ್ಷ ಹೊಸ ಡಾಕ್ಟರುಗಳ ತರಬೇತಿಯೊಂದಕ್ಕೆ ನನ್ನನ್ನು ಮಾತಾಡಲು ಕರೆದಿದ್ದರು. ನಿವೃತ್ತರನ್ನು ಇಂಥ ಕಡೆ ಕರೆಯುವುದು ಊಟಕ್ಕೆ ಮುಂಚಿನ ಒಂದು ಗಂಟೆ ತುಂಬಿಸುವುದಕ್ಕೆ ಎಂದು ನನಗೆ ಗೊತ್ತು. ಸರ್ವಿಸ್‌ನಲ್ಲಿದ್ದಾಗ ನಾನೂ ಹಾಗೇ ಕರೆಸುತ್ತಿದ್ದೆ. ಮಾತು ಮುಗಿದ ಮೇಲೆ, ಮೈಸೂರು ಕಡೆಯಿಂದ ಬಂದು ಮಾನಂತವಾಡಿ ಹತ್ತಿರ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ದೊಡ್ಡ ರಕ್ತನಾಳಗಳ ಉರಿಯೂತವನ್ನು ಹೇಗೆ ಗುರುತಿಸುತ್ತಿದ್ದಿರಿ ಎಂದು ಕೇಳಿದಳು. ನಾನು ಕನ್ನಡಕ ತೆಗೆದೆ, ಒರೆಸಿದೆ, ಮತ್ತೆ ಹಾಕಿಕೊಂಡೆ. "ಬೆರಳಿನಿಂದ, ಕಿವಿಯಿಂದ" ಎಂದೆ. ಚಪ್ಪಾಳೆ ಬಿತ್ತು. ಊಟದ ಹೊತ್ತಿಗೆ ನನಗೆ ಎರಡನೇ ಸಲ ಪಾಯಸ ಬಡಿಸಿದರು.

ಮನೆಗೆ ಬಂದು ಅಂಗಿ ಬಿಚ್ಚುವಾಗ ನಾಚಿಕೆಯಾಯಿತು. ನಾನು ನೋಡಿದ ಮೊದಲ ಕೇಸಿನಲ್ಲಿ ಬೆರಳು ಹೇಳಿದ್ದನ್ನು ನಾನು ನಂಬಿರಲಿಲ್ಲ, ಕಿವಿ ಏನನ್ನೂ ಹೇಳಿರಲಿಲ್ಲ. ರೋಗವನ್ನು ಪತ್ತೆ ಹಚ್ಚಿದವರು ಒಬ್ಬ ನರ್ಸ್. ಆ ಹುಡುಗಿಗೆ ನಾನು ಕೊಡಬೇಕಿದ್ದ ಉತ್ತರ ಬೇರೆಯೇ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಪೆನ್ಷನ್ ಕಾಗದದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಬಹುದು.

ನಾನು ಕೆಲಸಕ್ಕೆ ಸೇರಿದಾಗ ವಯನಾಡು ಜಿಲ್ಲೆ ಆಗಿ ಹೆಚ್ಚು ದಿನವಾಗಿರಲಿಲ್ಲ. ಕಚೇರಿಗಳ ಬೋರ್ಡಿನಲ್ಲಿ ಹಳೆಯ ಜಿಲ್ಲೆಯ ಹೆಸರಿನ ಮೇಲೆ ಹೊಸ ಬಣ್ಣ ಬಳಿದಿದ್ದರು. ಮಳೆ ಜೋರಾದಾಗ ಹಳೆಯ ಅಕ್ಷರ ಅಡಿಯಿಂದ ಇಣುಕುತ್ತಿತ್ತು. ನಮ್ಮ ಆಸ್ಪತ್ರೆಗೂ ಹೊಸ ಬೋರ್ಡ್ ಬಂತು. ಬೋರ್ಡಿನ ಹಿಂದೆ ಇದ್ದದ್ದು ಒಂದು ಎಕ್ಸ್‌ರೇ, ಒಂದು ಸೂಕ್ಷ್ಮದರ್ಶಕ, ರಕ್ತ ಎಷ್ಟು ಬೇಗ ತಳಕ್ಕಿಳಿಯುತ್ತದೆಂದು ನೋಡುವ ಇ.ಎಸ್.ಆರ್. ಕೊಳವೆಗಳು ಮತ್ತು ನಾನು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ತಪ್ಪುಗಳು ನನ್ನವು, ಕಟ್ಟಡದವಲ್ಲ.

ನಮ್ಮ ಮನೆಮಾತು ಕನ್ನಡ. ಅಜ್ಜನ ಕಾಲದಲ್ಲೇ ಮೈಸೂರು ಸೀಮೆಯಿಂದ ಬಂದು ಪುಲ್ಪಳ್ಳಿ ಬದಿಯಲ್ಲಿ ಬೇಸಾಯಕ್ಕೆ ನಿಂತವರು ನಾವು. ಶಾಲೆ, ಕಾಲೇಜು, ಬೈಗುಳ ಎಲ್ಲ ಮಲಯಾಳದಲ್ಲಿ ಆದವು. ಹೀಗಾಗಿ ಗಡಿ ಹತ್ತಿರದ ಕನ್ನಡದವರು ಬಂದರೆ ಚೀಟಿ ಕೊಡುವವನು ನೇರ ನನ್ನ ಕೋಣೆಗೆ ಕಳಿಸುತ್ತಿದ್ದ. ಭಾಷೆ ಗೊತ್ತಿದ್ದ ಮಾತ್ರಕ್ಕೆ ರೋಗವೂ ಗೊತ್ತಾಗುತ್ತದೆಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ನಾಗರತ್ನ ಬಂದದ್ದು ಹಾಗೆ. ಮರಕ್ಕಡವಿನವಳು, ಹತ್ತೊಂಬತ್ತು ವರ್ಷ. ಜೊತೆಗೆ ತಾಯಿ ಸಣ್ಣಮ್ಮ. ಕಬಿನಿಯ ದಡದಲ್ಲಿ ಅವರಿಗೆ ಗದ್ದೆ, ಒಂದಷ್ಟು ಶುಂಠಿ. ಆರು ತಿಂಗಳಿಂದ ಹುಡುಗಿಗೆ ಸಣ್ಣ ಜ್ವರ ಬರುತ್ತಿತ್ತು, ಮೈ ಇಳಿದಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಬೇರೆ ಕಡೆ ಕ್ಷಯವೆಂದು ಔಷಧ ಕೊಟ್ಟಿದ್ದರು, ಗುಣ ಕಂಡಿರಲಿಲ್ಲ. ಇದನ್ನೆಲ್ಲ ತಾಯಿ ಹೇಳಿದರು. ಕೊನೆಗೆ ಹುಡುಗಿ ತಾನಾಗಿ ಒಂದು ಮಾತು ಸೇರಿಸಿದಳು.

"ತಂಗಿಗೆ ಜಡೆ ಹಾಕೋಕೆ ಆಗಕಿಲ್ಲ ಸಾರೇ. ಅರ್ಧ ಹೆಣೆಯೋ ಹೊತ್ಗೆ ಎಡಗೈ ಸೋತು ಬಿದ್ದೋಯ್ತದೆ. ಇಳಿಸಿ ಕೂತ್ಕಂಡ್ರೆ ಸರಿಹೋಯ್ತದೆ."

ಇಡೀ ರೋಗ ಆ ಮಾತಿನಲ್ಲಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ಊದಿ, ದಪ್ಪವಾಗಿ, ಕೈಗೆ ಹೋಗುವ ದಾರಿ ಇಕ್ಕಟ್ಟಾದರೆ ಸುಮ್ಮನಿರುವ ಕೈಗೆ ರಕ್ತ ಸಾಕಾಗುತ್ತದೆ, ಕೆಲಸ ಮಾಡುವ ಕೈಗೆ ಸಾಲುವುದಿಲ್ಲ. ಜಪಾನಿನ ಕಣ್ಣಿನ ಡಾಕ್ಟರೊಬ್ಬರ ಹೆಸರು ಈ ರೋಗಕ್ಕಿದೆ. ಪರೀಕ್ಷೆಗೆ ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಹತ್ತಕ್ಕೆ ಎಂಟು ಅಂಕವನ್ನೂ ತೆಗೆದಿದ್ದೆ. ಆದರೆ ಪುಸ್ತಕದಲ್ಲಿ ಜಡೆಯ ವಿಷಯ ಇರಲಿಲ್ಲ. ಆ ಮಾತನ್ನು ನಾನು ಚೀಟಿಯಲ್ಲಿ ಬರೆಯಲೂ ಇಲ್ಲ.

ಅವಳ ಎಡ ಮಣಿಕಟ್ಟು ಹಿಡಿದೆ. ನಾಡಿ ಸಿಗಲಿಲ್ಲ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ನನ್ನ ಬೆರಳನ್ನು ನೇಂದ್ರ ಬಾಳೆಹಣ್ಣಿಗೆ ಹೋಲಿಸಿದ್ದರು, ಇದಕ್ಕೆ ಸಿಗುವುದು ಆನೆಯ ನಾಡಿ ಮಾತ್ರ ಎಂದಿದ್ದರು. ಅದು ನೆನಪಾಗಿ ಮುಜುಗರವಾಯಿತು. ತಾಯಿ ನೋಡುತ್ತಿದ್ದರು. ಸಿಗಲಿಲ್ಲವೆಂದು ಒಪ್ಪಿಕೊಳ್ಳುವ ಬದಲು ಗಡಿಯಾರ ನೋಡುತ್ತ ಎಣಿಸುವವನಂತೆ ತುಟಿ ಅಲ್ಲಾಡಿಸಿದೆ. ಆಮೇಲೆ ಸಹಜವಾಗಿ ಎಂಬಂತೆ ಬಲಗೈಗೆ ಬಂದೆ. ಅಲ್ಲಿ ಏನೋ ಮಿಡಿಯುತ್ತಿತ್ತು. ಚೀಟಿಯಲ್ಲಿ "ನಾಡಿ ಸರಿಯಿದೆ" ಎಂದು ಬರೆದೆ. ನಾನು ಬರೆದ ಮೊದಲ ಸುಳ್ಳು ಅದು. ಅಕ್ಷರ ಮಾತ್ರ ಚೆನ್ನಾಗಿತ್ತು.

ಬಿ.ಪಿ. ಯಂತ್ರದ ಪಟ್ಟಿಯನ್ನು ಎಡತೋಳಿಗೆ ಸುತ್ತಿದರೆ ಸದ್ದೇ ಇಲ್ಲ. ಮೂರು ಸಲ ಊದಿದೆ. ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿ ಅದನ್ನು ರಿಪೇರಿಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದೆ. ಇನ್ನೊಂದು ವಾರ್ಡಿನ ಯಂತ್ರ ತರಿಸಿ ಬಲತೋಳಿಗೆ ಹಾಕಿದಾಗ ಎಂಬತ್ತರ ಆಸುಪಾಸು ತೋರಿಸಿತು. ಬಿ.ಪಿ. ಕಡಿಮೆ, ಅದಕ್ಕೇ ತಲೆ ತಿರುಗುತ್ತದೆ, ಲೆಕ್ಕ ಸರಿಯಾಯಿತು. ಟಾನಿಕ್ ಬರೆದೆ. ಮಜ್ಜಿಗೆಗೆ ಚೆನ್ನಾಗಿ ಉಪ್ಪು ಹಾಕಿ ಕುಡಿಯಬೇಕು, ಉಪ್ಪಿನಕಾಯಿ ಬಿಡಬಾರದು ಎಂದೆ. ಸಣ್ಣಮ್ಮನಿಗೆ ಬಹಳ ಸಂತೋಷವಾಯಿತು. ಡಾಕ್ಟರೊಬ್ಬರು ಉಪ್ಪಿನಕಾಯಿ ತಿನ್ನಲು ಹೇಳಿದ್ದು ಅವರ ಜೀವನದಲ್ಲಿ ಅದೇ ಮೊದಲು.

ಹದಿನೈದು ದಿನಕ್ಕೆ ಮತ್ತೆ ಬಂದರು. ಹುಡುಗಿಗೆ ಈಗ ತಲೆನೋವೂ ಸೇರಿತ್ತು. ರಿಪೇರಿಗೆ ಹೋದ ಯಂತ್ರ ಯಾವ ದೋಷವೂ ಇಲ್ಲವೆಂಬ ಚೀಟಿಯೊಂದಿಗೆ ವಾಪಸು ಬಂದಿತ್ತು. ಅದನ್ನೇ ಅವಳ ಎಡತೋಳಿಗೆ ಸುತ್ತಿ, ಮತ್ತೆ ಸದ್ದಿಲ್ಲದಾಗ, ರಿಪೇರಿಯವರನ್ನು ಬೈಯಲು ಶುರು ಮಾಡಿದೆ.

ನನ್ನ ಕೋಣೆಯ ನರ್ಸ್ ಏಲಿಯಮ್ಮ ಸಿಸ್ಟರ್. ಪಾಲಾ ಕಡೆಯಿಂದ ವಲಸೆ ಬಂದ ಕುಟುಂಬದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರು ನನ್ನ ಕೈಯಿಂದ ಯಂತ್ರವನ್ನು ತೆಗೆದುಕೊಂಡರು. ಅದನ್ನು ತಮ್ಮ ತೋಳಿಗೆ ಕಟ್ಟಿ ನೋಡಿದರು, ಸದ್ದು ಬಂತು. ಸಣ್ಣಮ್ಮನ ತೋಳಿಗೆ ಕಟ್ಟಿದರು, ಬಂತು. ಕೊನೆಗೆ ನನ್ನ ತೋಳು ಕೇಳಿದರು. ನನ್ನದರಲ್ಲಿ ಸ್ವಲ್ಪ ಹೆಚ್ಚೇ ಬಂತು. ಆಮೇಲೆ ಮಲಯಾಳದಲ್ಲಿ, ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

"ಸಾರೇ, ಎಲ್ಲರ ಕೈಗೂ ಕೆಲಸ ಮಾಡುವ ಮೆಷಿನ್ ಈ ಒಂದು ಕೈಗೆ ಮಾತ್ರ ಮಾಡುವುದಿಲ್ಲ. ಹಾಗಿದ್ದರೆ ಕೆಟ್ಟಿರುವುದು ಮೆಷಿನ್ನಾ, ಕೈಯಾ?"

ಹುಡುಗಿಯನ್ನು ಕರೆದುಕೊಂಡು ನಮ್ಮ ಸೂಪರಿಂಟೆಂಡೆಂಟ್ ನಂಬಿಯಾರ್ ಸಾರ್ ಹತ್ತಿರ ಹೋದೆ. ಶಸ್ತ್ರಚಿಕಿತ್ಸೆ ಮಾಡಿ ಮಾಡಿ ಮಾತಿನಲ್ಲೂ ಕತ್ತರಿಸುವ ಅಭ್ಯಾಸ ಅವರಿಗೆ ಬಂದಿತ್ತು. ಕಥೆಯೆಲ್ಲ ಕೇಳಿ, ದೇವರು ಇವಳಿಗೆ ನಾಲ್ಕು ಕೈಕಾಲು ಕೊಟ್ಟಿರುವಾಗ ನೀನು ಎರಡನ್ನು ಮಾತ್ರ ನೋಡಿ ಏಕೆ ಬಂದೆ ಎಂದರು. ಹುಡುಗಿಯನ್ನು ಬೋರಲು ಮಲಗಿಸಿ, ಅಗಲದ ಪಟ್ಟಿಯನ್ನು ತೊಡೆಗೆ ಸುತ್ತಿಸಿ, ಮಂಡಿಯ ಹಿಂದೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಪಾದರಸ ಇನ್ನೂರರ ಹತ್ತಿರ ನಿಂತಿತು. ಮೈಯೊಳಗಿನ ನಿಜವಾದ ಬಿ.ಪಿ. ಅದು. ಮೂತ್ರಪಿಂಡಕ್ಕೆ ಹೋಗುವ ನಾಳವೂ ಕಿರಿದಾಗಿ ಒತ್ತಡ ಏರಿತ್ತು. ಕೈಗಳ ದಾರಿ ಮುಚ್ಚಿದ್ದರಿಂದ ಅಲ್ಲಿ ಕಡಿಮೆ ಕಾಣುತ್ತಿತ್ತು. ಈ ಹುಡುಗಿಗೆ ನಾನು ಹದಿನೈದು ದಿನ ಉಪ್ಪಿನಕಾಯಿ ತಿನ್ನಿಸಿದ್ದೆ.

ಆಮೇಲೆ ಅವರು ಅವಳ ಕೊರಳೆಲುಬಿನ ಮೇಲೆ ಸ್ಟೆತಸ್ಕೋಪ್ ಇಟ್ಟು, ಇಲ್ಲಿ ಏನು ಕೇಳಿಸುತ್ತದೆ ಹೇಳು ಎಂದರು. ನಾನು ನನ್ನದನ್ನು ಇಟ್ಟೆ. ಏನೂ ಕೇಳಿಸಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ನನ್ನ ಸ್ಟೆತಸ್ಕೋಪಿನ ತಲೆಯನ್ನು ಅರ್ಧ ಸುತ್ತು ತಿರುಗಿಸಿದರು. ಮುಚ್ಚಿದ ಬದಿಯಿಂದ ನಾನು ಕೇಳುತ್ತಿದ್ದೆ. ಆಗ ಬಂತು ಸದ್ದು. ಅರ್ಧ ಹಿಂಡಿದ ರಬ್ಬರ್ ಪೈಪಿನಲ್ಲಿ ನೀರು ನುಗ್ಗುವಾಗ ಆಗುವ ಭುಸ್ ಭುಸ್ ಸದ್ದು, ಹೃದಯದ ಒಂದೊಂದು ಬಡಿತಕ್ಕೂ. ತರಬೇತಿಯಲ್ಲಿ ನನಗೆ ಚಪ್ಪಾಳೆ ತಂದುಕೊಟ್ಟ ಕಿವಿ ಇದು.

ನಾಗರತ್ನ ಚುರಂನ ಘಾಟಿ ರಸ್ತೆ ಇಳಿದು ಕಲ್ಲಿಕೋಟೆಗೆ ಹೋದಳು. ಆಗ ತೊಡೆಯ ನಾಳದಲ್ಲಿ ಸೂಜಿ ತೂರಿಸಿ, ಬಣ್ಣದ ದ್ರವ ಬಿಟ್ಟು, ಎಕ್ಸ್‌ರೇ ಚಿತ್ರ ತೆಗೆಯುತ್ತಿದ್ದರು. ತಿರುಗಿ ಬಂದಾಗ ಅವಳ ಕೈಯಲ್ಲಿ ದೊಡ್ಡದೊಂದು ಕಂದು ಲಕೋಟೆ ಇತ್ತು. ಅದರಲ್ಲಿ ಎಡಗೈಯ ನಾಳ ಇಲಿಯ ಬಾಲದಂತೆ ಸಣ್ಣಗಾಗುತ್ತ ಹೋಗಿ ಮಾಯವಾಗುವ ಚಿತ್ರ, ಜೊತೆಗೆ ಅಲ್ಲಿನ ಪ್ರೊಫೆಸರರ ಇಂಗ್ಲಿಷ್ ಕಾಗದ. ಸ್ಟೆರಾಯ್ಡ್ ಗುಳಿಗೆ ದೊಡ್ಡ ಪ್ರಮಾಣದಲ್ಲಿ ಶುರುಮಾಡಿ, ನಿಧಾನವಾಗಿ ಇಳಿಸಿ, ಸಣ್ಣ ಪ್ರಮಾಣವನ್ನು ಕನಿಷ್ಠ ಎರಡು ವರ್ಷ ಮುಂದುವರಿಸಬೇಕೆಂದು ಅದರಲ್ಲಿತ್ತು.

ಗುಳಿಗೆ ಪವಾಡ ಮಾಡಿತು. ಜ್ವರ ನಿಂತಿತು, ಹಸಿವು ಬಂತು, ಕೈ ನೋವು ಹೋಯಿತು. ಮುಖ ಚಂದ್ರನಂತೆ ಗುಂಡಗಾಯಿತು. ಅದು ಗುಳಿಗೆಯ ಅಡ್ಡಪರಿಣಾಮ. ಸಣ್ಣಮ್ಮ ಮಾತ್ರ ಮಗಳು ಮೈ ತುಂಬಿಕೊಂಡಳೆಂದು ಊರಿಗೆಲ್ಲ ಹೇಳಿಕೊಂಡು ಬಂದರು. ನನಗೆ ಒಂದು ಚೀಲ ಗಂಧಕಸಾಲೆ ಅಕ್ಕಿ ತಂದರು. ಅಡ್ಡಪರಿಣಾಮವನ್ನು ವಿವರಿಸಬೇಕಿದ್ದ ನಾನು ಅಕ್ಕಿಯನ್ನು ಒಳಗಿಟ್ಟೆ.

ಎಂಟನೇ ತಿಂಗಳಿಗೆ ಇ.ಎಸ್.ಆರ್. ಸರಿಯಾಗಿತ್ತು. ಅಲ್ಲಿಂದ ಎರಡು ತಿಂಗಳಿಗೆ ಕಲ್ಪಟ್ಟದಲ್ಲಿ ಜಿಲ್ಲೆಯ ಡಾಕ್ಟರುಗಳು ಸೇರುವ ಸಭೆಯಿತ್ತು. ಹೊಸ ಜಿಲ್ಲೆ, ಹೊಸ ಉತ್ಸಾಹ, ಎಲ್ಲರೂ ಏನಾದರೂ ಓದಬೇಕೆಂದಾಗಿತ್ತು. ನಾನು "ನಾಡಿಯಿಲ್ಲದ ರೋಗ: ಗುಣಮುಖಳಾದ ಒಬ್ಬ ಯುವತಿ" ಎಂಬ ಪ್ರಬಂಧ ಬರೆದೆ. ಬರೆದ ಮೇಲೆ ಒಂದು ತೊಂದರೆ ಕಂಡಿತು. ಗುಣಮುಖಳಾದವಳು ಇನ್ನೂ ಗುಳಿಗೆ ನುಂಗುತ್ತಿದ್ದಳು. ಪ್ರಬಂಧ ತಿದ್ದಬಹುದಿತ್ತು. ನಾನು ಚಿಕಿತ್ಸೆಯನ್ನು ತಿದ್ದಿದೆ. ದೊಡ್ಡ ಊರಿನ ಪ್ರೊಫೆಸರುಗಳಿಗೆ ಧೈರ್ಯ ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡು, ಮೂರು ವಾರದಲ್ಲಿ ಗುಳಿಗೆಯನ್ನು ಇಳಿಸಿ ಸಭೆಗೆ ಒಂದು ತಿಂಗಳಿರುವಾಗ ಪೂರ್ತಿ ನಿಲ್ಲಿಸಿದೆ. ಏಲಿಯಮ್ಮ ಸಿಸ್ಟರ್ ಒಮ್ಮೆ, ಕಾಗದದಲ್ಲಿ ಎರಡು ವರ್ಷ ಅಂತ ಇತ್ತಲ್ಲವಾ ಎಂದು ಕೇಳಿದರು. ನಾನು ಅವರಿಗೆ ಹತ್ತು ನಿಮಿಷ ಪಾಠ ಮಾಡಿದೆ.

ಸಭೆಯ ದಿನ ಪ್ರಬಂಧ ಚೆನ್ನಾಗಿ ಹೋಯಿತು. ನಂಬಿಯಾರ್ ಸಾರ್ ಕೂಡ ತಲೆಯಾಡಿಸಿದರು. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿ, ಯಾರಾದರೂ ಹೊಗಳಲು ಉಳಿದಿದ್ದಾರೋ ನೋಡಲು ಆಸ್ಪತ್ರೆಗೆ ಹೋದೆ. ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ನಾಗರತ್ನ, ಸಣ್ಣಮ್ಮ ಕೂತಿದ್ದರು. ನಾಗರತ್ನ ಮುಖ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಬಲಗೈಯಿಂದ ಬಲಗಣ್ಣು ಮುಚ್ಚಿಕೊಂಡಳು.

"ಹಿಂಗೆ ಮುಚ್ಚಿದ್ರೆ ನೀವು ಕಾಣಾಕಿಲ್ಲ ಸಾರೇ," ಎಂದಳು.

ಬೆಳಿಗ್ಗೆ ಸೌದೆ ಎತ್ತುವಾಗ ಎಡಗಣ್ಣಿಗೆ ಪರದೆ ಇಳಿದಂತಾಯಿತಂತೆ, ಮತ್ತೆ ಏಳಲಿಲ್ಲ. ಕುತ್ತಿಗೆಯ ನಾಳದಲ್ಲಿ ಉರಿಯೂತ ಮರಳಿ ಬಂದಿತ್ತು. ಅವತ್ತೇ ಸೂಜಿಯಲ್ಲಿ ಸ್ಟೆರಾಯ್ಡ್ ಹಾಕಿ, ಜೀಪಿನಲ್ಲಿ ಕಲ್ಲಿಕೋಟೆಗೆ ಕಳಿಸಿದೆವು. ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು.

ಜೀಪು ಹೊರಡುವ ಮುಂಚೆ ಸಣ್ಣಮ್ಮ ನನ್ನನ್ನು, ವಾಸಿಯಾಗಿದ್ದದ್ದು ಯಾಕೆ ಹೀಗಾಯಿತು ಎಂದು ಕೇಳಿದರು. ಈ ರೋಗವೇ ಹಾಗೆ, ಹೇಳಿ ಕೇಳಿ ಬರುವುದಿಲ್ಲ ಎಂದೆ. ಪ್ರೊಫೆಸರರ ಕಾಗದ ಅದೇ ಕಂದು ಲಕೋಟೆಯಲ್ಲಿ ಅವರ ಮಡಿಲಲ್ಲೇ ಇತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಏಲಿಯಮ್ಮ ಸಿಸ್ಟರ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಒಂದು ವಾರ ನನ್ನೊಂದಿಗೆ ಮಾತೇ ಆಡಲಿಲ್ಲ.

ನಂಬಿಯಾರ್ ಸಾರ್‌ಗೆ ಮಾತ್ರ ನಿಜ ಹೇಳಿದೆ. ಅವರು ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಪ್ರಬಂಧದ ಪ್ರತಿಯನ್ನು ತರಿಸಿ, ಶೀರ್ಷಿಕೆಯಲ್ಲಿದ್ದ "ಗುಣಮುಖಳಾದ" ಎಂಬ ಪದದ ಮೇಲೆ ಗೆರೆ ಎಳೆದು ವಾಪಸು ಕೊಟ್ಟರು. ಹೊಸ ಪದ ಬರೆಯಲಿಲ್ಲ.

ಇದಾದ ಮೇಲೆ ನನಗೆ ಈ ರೋಗ ಎಲ್ಲರಲ್ಲೂ ಕಾಣಿಸತೊಡಗಿತು. ಬಂದವರದ್ದೆಲ್ಲ ನಾಲ್ಕೂ ಕೈಕಾಲು ನೋಡುತ್ತಿದ್ದೆ. ಹಲ್ಲುನೋವಿಗೆ ಬಂದವರೂ ಬೋರಲು ಮಲಗಬೇಕಿತ್ತು. ಹೊರಗಿನ ಸಾಲು ಗೇಟಿನ ತನಕ ಹೋಗುತ್ತಿತ್ತು. ಆಗ ಸಿಕ್ಕವನು ಬೊಮ್ಮಣ್ಣ. ಬೇಗೂರಿನ ಕಾಡೊಳಗಿನ ಹಾಡಿಯವನು, ಅರಣ್ಯ ಇಲಾಖೆಯಲ್ಲಿ ವಾಚರ್. ಅವರದ್ದು ಕನ್ನಡದ ಹತ್ತಿರದ ಮಾತು, ನಮಗಿಬ್ಬರಿಗೂ ಅರ್ಥವಾಗುತ್ತಿತ್ತು. ಕೆಮ್ಮೆಂದು ಬಂದಿದ್ದ. ಎಡ ಮಣಿಕಟ್ಟು ಹಿಡಿದೆ, ನಾಡಿಯಿಲ್ಲ. ಬಲವೂ ಇಲ್ಲ. ಈ ಸಲ ನಾನು ಬೆರಳನ್ನು ಅನುಮಾನಿಸಲಿಲ್ಲ, ಯಂತ್ರವನ್ನೂ ಬೈಯಲಿಲ್ಲ. ಅವನು ಬೇಡವೆಂದರೂ ಕೇಳದೆ, ಆಂಬುಲೆನ್ಸಿನಲ್ಲಿ ಜೊತೆಗೆ ಕೂತು, ಅಲುಗಾಡಬಾರದೆಂದು ಹೇಳುತ್ತ ಕಲ್ಲಿಕೋಟೆಗೆ ಕರೆದೊಯ್ದೆ. ಅಷ್ಟೆಲ್ಲ ಗಡಿಬಿಡಿಯಲ್ಲಿ ಅವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ನೋಡುವುದೊಂದು ಮರೆತಿತ್ತು.

ಅಲ್ಲಿ ಹೃದ್ರೋಗ ವಿಭಾಗದ ಹಿರಿಯ ಡಾಕ್ಟರ್ ಬೊಮ್ಮಣ್ಣನ ಕೈ ಹಿಡಿದು, ಅಂಗೈ ಕೆಳಗೆ ಮಾಡಿ, ಮುಂಗೈಯ ಹಿಂಬದಿಯಲ್ಲಿ ಎರಡು ಬೆರಳಿಟ್ಟರು. ನನ್ನ ಬೆರಳನ್ನೂ ಅಲ್ಲಿಗೆ ತಂದಿಟ್ಟರು. ನಾಡಿ ಕುದುರೆಯಂತೆ ಓಡುತ್ತಿತ್ತು. ಕೆಲವರಿಗೆ ಹುಟ್ಟಿನಿಂದಲೇ ಆ ನಾಳ ದಾರಿ ಬದಲಿಸಿ ಕೈಯ ಹಿಂದಿನಿಂದ ಹೋಗುತ್ತದೆ. ಅದು ರೋಗವಲ್ಲ.

ವಾಪಸು ಬರುವಾಗ ಬೊಮ್ಮಣ್ಣ ಬೇಜಾರು ಮಾಡಿಕೊಂಡಿರಲಿಲ್ಲ. ಆಸ್ಪತ್ರೆಯ ಮಾಳಿಗೆಯ ಕಿಟಕಿಯಿಂದ ಕಡಲು ಕಂಡಿತಂತೆ, ಅಷ್ಟು ನೀರನ್ನು ಅವನು ಒಟ್ಟಿಗೆ ನೋಡಿದ್ದು ಮೊದಲ ಸಲ. ಇನ್ನೊಂದು ಸಲ ನಾಡಿ ಕಾಣದಿದ್ದರೆ ಹೆಂಡತಿಯನ್ನೂ ಕರೆತರುತ್ತೇನೆ ಎಂದ. ಕೆಮ್ಮಿಗೆ ಔಷಧ ಕೊಡುವುದನ್ನು ನಾನು ಮರೆತಿದ್ದೆ. ಅದನ್ನು ಅವನೇ ನೆನಪಿಸಿದ.

ನಾಗರತ್ನ ನಮ್ಮ ಆಸ್ಪತ್ರೆಗೇ ಬರುತ್ತಿದ್ದಳು. ಗುಳಿಗೆ ಮತ್ತೆ ಶುರುವಾಗಿತ್ತು. ಮೂತ್ರಪಿಂಡದ ನಾಳವನ್ನು ತಿರುವನಂತಪುರದಲ್ಲಿ ಬಲೂನ್ ಹಾಕಿ ಹಿಗ್ಗಿಸಿದ ಮೇಲೆ ಬಿ.ಪಿ.ಯೂ ಹತೋಟಿಗೆ ಬಂತು. ಪ್ರತಿ ತಿಂಗಳೂ ಕಾಲಿನಲ್ಲಿ ಬಿ.ಪಿ. ನೋಡುತ್ತಿದ್ದೆ. ಕೂತಾಗ ಅವಳು ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಕಾಣುವ ಕಣ್ಣು ನನ್ನ ಕಡೆ ಬರುವಂತೆ ಮಾಡಿಕೊಳ್ಳುತ್ತಿದ್ದಳು. ಆ ಕುರ್ಚಿ ಸರಿಯುವ ಸದ್ದಿಗೆ ನಾನು ಪ್ರತಿ ಸಲ ಚೀಟಿಯ ಕಡೆ ಬಗ್ಗುತ್ತಿದ್ದೆ.

ಇಪ್ಪತ್ತಾರಕ್ಕೆ ಅವಳಿಗೆ ಮದುವೆ ಗೊತ್ತಾಯಿತು. ಹುಡುಗ ಮಹದೇವ, ಪುಲ್ಪಳ್ಳಿಯಲ್ಲಿ ಬಳೆ ರಿಬ್ಬನ್ ಅಂಗಡಿ ಇಟ್ಟವನು, ಅವರ ಮೂಲವೂ ಮೈಸೂರು ಕಡೆಯೇ. ಅವನ ಮನೆಯವರು ರೋಗದ ವಿಷಯ ಕೇಳಿಕೊಂಡು ಬಂದರು. ಇದು ಅಂಟುವ ರೋಗವಲ್ಲ ಎಂದು ಶುರುಮಾಡಿ ಅರ್ಧ ಗಂಟೆ ವಿವರಿಸಿದೆ, ಚಿತ್ರವನ್ನೂ ಬರೆದೆ. ಎಲ್ಲ ಮುಗಿದ ಮೇಲೆ ಮಹದೇವ ಒಂದೇ ಪ್ರಶ್ನೆ ಕೇಳಿದ. ಕೈ ನೋವು ಬಂದಾಗ ನಾನು ಏನು ಮಾಡಬೇಕು? ಮೇಲೆತ್ತಿ ಮಾಡುವ ಕೆಲಸ ಅವಳಿಗೆ ಬೇಡ, ನೀನು ಮಾಡು ಎಂದೆ. ನನ್ನ ಅರ್ಧ ಗಂಟೆಯಲ್ಲಿ ಉಪಯೋಗಕ್ಕೆ ಬಂದ ಮಾತು ಅದೊಂದೇ ಇರಬೇಕು.

ಬಸುರಾದದ್ದನ್ನು ಅವಳು ಐದನೇ ತಿಂಗಳ ತನಕ ಹೇಳಲಿಲ್ಲ. ನಾನು ಸಿಟ್ಟಾದೆ. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ ಎಂದಳು. ಅದು ನಿಜ. ವಾರಕ್ಕೊಮ್ಮೆ ಬರಹೇಳಿದೆ. ಎಲ್ಲಿ ಹೋದರೂ ಜೊತೆಗಿರಲೆಂದು ಏಲಿಯಮ್ಮ ಸಿಸ್ಟರ್ ಒಂದು ರಟ್ಟಿನ ಮೇಲೆ ಮಲಯಾಳದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟರು: ಕೈಯಲ್ಲಿ ಬಿ.ಪಿ. ಸಿಗುವುದಿಲ್ಲ, ಕಾಲಿನಲ್ಲಿ ನೋಡಿ.

ದಿನ ತುಂಬುವ ಮುಂಚೆಯೇ ಕಲ್ಲಿಕೋಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾರನ್ನೂ ನಂಬದೆ ರಜೆ ಹಾಕಿ ನಾನೂ ಹೋದೆ. ಅಲ್ಲೇ ನಿಂತಿರಬೇಕು, ಬಿ.ಪಿ. ನಾನೇ ನೋಡಬೇಕು, ಹೋದ ಕಣ್ಣಿನ ಸಾಲವನ್ನು ಇಷ್ಟಾದರೂ ತೀರಿಸಬೇಕು ಎಂದೆಲ್ಲ ಮನಸ್ಸಿನಲ್ಲಿತ್ತು. ಮೂರು ಗಂಟೆ ನಿಂತೆ. ಒಂದು ಚಹಾ ಕುಡಿದು ಬರೋಣವೆಂದು ಕ್ಯಾಂಟೀನಿಗೆ ಹೋದೆ. ಬಾಳೆಹಣ್ಣಿನ ಬಜ್ಜಿ, ಪಳಂಪೊರಿ, ಬಿಸಿಯಾಗಿತ್ತು, ಎರಡನೆಯದೂ ತಿಂದೆ. ಅಷ್ಟರಲ್ಲಿ ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರ್ ಅವಳ ತೋಳಿಗೆ ಪಟ್ಟಿ ಸುತ್ತಿದ್ದರು. ಏನೂ ಸಿಗದೆ ಗಾಬರಿಯಾಗಿ, ಬಿ.ಪಿ. ಏರಿಸುವ ಡ್ರಿಪ್ ತರಲು ಹೇಳಿದ್ದರು. ಅದು ಹೋಗಿದ್ದರೆ ಮಿದುಳಿನಲ್ಲಿ ರಕ್ತನಾಳ ಒಡೆಯಬಹುದಿತ್ತು. ಬಾಗಿಲಲ್ಲಿದ್ದ ಮಹದೇವ ಒಳಗೆ ಹೋಗಿ ಆ ರಟ್ಟನ್ನು ಡಾಕ್ಟರ ಕಣ್ಣಿನ ಮುಂದೆ ಹಿಡಿದು ನಿಂತನಂತೆ. ಹೊರಗೆ ಹೋಗೆಂದರೂ ಹೋಗದೆ, ಅವರು ಓದಿ ಮುಗಿಸುವ ತನಕ ಹಿಡಿದೇ ಇದ್ದನಂತೆ. ನಾನು ಬಾಯಿ ಒರೆಸಿಕೊಂಡು ಬಂದಾಗ ಪಟ್ಟಿ ತೊಡೆಯ ಮೇಲಿತ್ತು, ಎಲ್ಲ ಸರಿಯಾಗಿತ್ತು. ಸಂಜೆಗೆ ಸಿಸೇರಿಯನ್ ಆಯಿತು. ಹೆಣ್ಣುಮಗು. ಅದರ ಎರಡು ಕೈಯಲ್ಲೂ ನಾಡಿ ಇದೆಯೇ ಎಂದು ಸಣ್ಣಮ್ಮ ನನ್ನನ್ನು ಕೇಳಿದರು. ಇತ್ತು. ಅದು ಮಾತ್ರ ನನ್ನ ಬೆರಳಿಗೂ ಸಿಕ್ಕಿತು.

ಆಮೇಲೆ ಕಾಲ ಬೇಗ ಬದಲಾಯಿತು. ಜೆಲ್ಲಿ ಹಚ್ಚಿ ಕುತ್ತಿಗೆಯ ಮೇಲೆ ಆಡಿಸಿದರೆ ರಕ್ತ ಹರಿಯುವುದು ಬಣ್ಣದಲ್ಲಿ ಕಾಣುವ ಯಂತ್ರ ಬಂತು. ಬಳಿಕ ಸಿ.ಟಿ. ಬಂತು, ಇಲಿಯ ಬಾಲ ನೋಡಲು ಕೊಳವೆಯನ್ನು ತೊಡೆಯಿಂದ ಎದೆತನಕ ಓಡಿಸಬೇಕಾಗಿಲ್ಲ. ನಾಳ ಮುಚ್ಚುವ ಮುಂಚೆಯೇ, ಗೋಡೆ ಊದಿದೆಯೆಂದು ಹೇಳುವ ಸ್ಕ್ಯಾನ್ ಬಂತು. ಸ್ಟೆರಾಯ್ಡ್ ಜೊತೆ ವಾರಕ್ಕೊಂದು ಗುಳಿಗೆ, ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಬಂದವು. ಇ.ಎಸ್.ಆರ್. ಸರಿಯಿದ್ದರೂ ಒಳಗೆ ಬೆಂಕಿ ಇರಬಹುದೆಂದು ಈಗ ಎಲ್ಲರಿಗೂ ಗೊತ್ತು. ನಾಗರತ್ನಳ ಕಣ್ಣು ಅದನ್ನು ನನಗೆ ಮೊದಲೇ ಹೇಳಿತ್ತು. ನನ್ನ ಸರ್ವಿಸ್‌ನಲ್ಲಿ ಒಟ್ಟು ಒಂಬತ್ತು ಜನರಲ್ಲಿ ಈ ರೋಗ ಸಿಕ್ಕಿತು. ಹೆಚ್ಚಿನವರು ಹುಡುಗಿಯರು. ಒಬ್ಬಳಿಗೆ ಮುತ್ತಂಗ ಚೆಕ್‌ಪೋಸ್ಟ್ ಹತ್ತಿರದ ಅಂಗಡಿಯಲ್ಲಿ ಮೇಲಿನ ಡಬ್ಬ ಇಳಿಸುವಾಗ ಕೈ ಸೋಲುತ್ತಿತ್ತು. ಅವಳ ಮಾತನ್ನು ಚೀಟಿಯಲ್ಲಿ ಬರೆದುಕೊಂಡೆ.

ನಿವೃತ್ತಿಯಾದ ಮೇಲೆ ನಾಗರತ್ನಳಿಗೆ ನಿಜ ಹೇಳಲು ಸಮಯ ಸಿಕ್ಕಿತು, ನೆವ ಸಿಗಲಿಲ್ಲ. ಏಲಿಯಮ್ಮ ಸಿಸ್ಟರ್ ತೀರಿಕೊಂಡರು. ಅವರ ಮನೆಯಿಂದ ಬರುವಾಗ, ಆ ಕಾಗದದ ವಿಷಯ ತಿಳಿದವನು ಇನ್ನು ನಾನೊಬ್ಬನೇ ಎಂದುಕೊಂಡೆ. ನಂಬಿಯಾರ್ ಸಾರ್ ಎಂದೋ ಹೋಗಿದ್ದರು. ಆ ಯೋಚನೆಯಲ್ಲಿ ಸಣ್ಣದೊಂದು ನೆಮ್ಮದಿಯೂ ಇತ್ತು. ನನ್ನ ಬಗ್ಗೆ ನನಗೆ ಹೇಸಿಗೆಯಾದದ್ದು ಆಗ. ತರಬೇತಿಯ ಪಾಯಸ ಉಂಡು ಬಂದ ಮಾರನೇ ವಾರ ಮರಕ್ಕಡವಿಗೆ ಹೋದೆ.

ನಾಗರತ್ನ ಈಗ ಅಮ್ಮನ ಜಮೀನಿನಲ್ಲೇ ಮನೆ ಕಟ್ಟಿಕೊಂಡಿದ್ದಾಳೆ. ಮಹದೇವ ಅಂಗಡಿಗೆ ಹೋಗಿದ್ದ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು, ಕುರ್ಚಿ ತಿರುಗಿಸಿಕೊಂಡು ಎದುರಿಗೆ ಕೂತಳು. ಕೆಳಗೆ ಹೊಳೆಯಲ್ಲಿ ದೋಣಿ ಆಚೆ ದಡಕ್ಕೆ ಹೋಗುತ್ತಿತ್ತು. ನಾನು ಹವೆ, ಶುಂಠಿಯ ಬೆಲೆ, ಆನೆ ಎಲ್ಲ ಮಾತಾಡಿದೆ. ಮಾತು ಖಾಲಿಯಾದ ಮೇಲೆ ಹೇಳಿದೆ. ಎರಡು ವರ್ಷ ಗುಳಿಗೆ ಕೊಡಬೇಕೆಂದು ಕಾಗದದಲ್ಲಿ ಇತ್ತೆಂದೂ, ಸಭೆಯಲ್ಲಿ ಓದುವ ಆಸೆಗೆ ನಾನು ನಿಲ್ಲಿಸಿದೆನೆಂದೂ, ಕಣ್ಣು ಹೋದದ್ದು ಅದರಿಂದೆಂದೂ, ರೋಗದ ಮೇಲೆ ಹಾಕಿ ಸುಳ್ಳು ಹೇಳಿದೆನೆಂದೂ ಹೇಳಿದೆ. ಮೊದಲೇ ವಾಕ್ಯ ಜೋಡಿಸಿಕೊಂಡು ಹೋಗಿದ್ದರಿಂದ ಪ್ರಬಂಧ ಓದಿದ ಹಾಗೇ ಕೇಳಿಸಿರಬೇಕು.

ಅದು ತನಗೆ ಗೊತ್ತು ಎಂದಳು. ಮದುವೆಯಾದ ವರ್ಷವೇ ಮಹದೇವ ಲಕೋಟೆಯಲ್ಲಿದ್ದ ಕಾಗದವನ್ನು ಡಿಕ್ಷನರಿ ಇಟ್ಟುಕೊಂಡು ಓದಿದ್ದನಂತೆ. ಅವನಿಗೆ ಸಿಟ್ಟು ಬಂದು ನನ್ನನ್ನು ಕೇಳಲು ಹೊರಟಿದ್ದನಂತೆ, ಇವಳೇ ತಡೆದಳಂತೆ. ಕೇಳಿದರೆ ನೀವು ನಾಚಿಕೆಗೆ ನಮ್ಮನ್ನ ಬೇರೆ ಡಾಕ್ಟರ ಹತ್ರ ಕಳಿಸ್ತಿದ್ರಿ, ಅವರಿಗೆ ಕಾಲಲ್ಲಿ ನೋಡೋದನ್ನ ಮೊದಲಿಂದ ಕಲಿಸಬೇಕಿತ್ತು ಎಂದಳು. ನಗುತ್ತಾಳೋ ಎಂದು ನೋಡಿದೆ, ನಗಲಿಲ್ಲ.

"ನಾನೂ ಒಂದು ಹೇಳ್ಲಿಲ್ಲ ಸಾರೇ," ಎಂದಳು. "ಗುಳಿಗೆ ನಿಲ್ಸಿ ಹದಿನೈದು ದಿನಕ್ಕೇ ಕೈ ತಿರುಗಾ ನೋಯ್ತಿತ್ತು. ಮೀಟಿಂಗಿಗೆ ಎಲ್ಡು ದಿನ ಮುಂಚೆ ಬಂದಿದ್ನಲ್ಲ, ಅವತ್ತೂ ನೋಯ್ತಿತ್ತು."

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳ್ಬೇಕು ಅಂತಲೇ ಬಂದಿದ್ದೆ. ನೀವು ನನ್ನ ಕಂಡ ಕೂಡ್ಲೆ ಎದ್ದು ಬಂದು, ಸಿಸ್ಟರ್‌ನ ಕರ್ದು, ನೋಡಿ ನಮ್ಮ ಹುಡುಗಿ ಹೆಂಗಾಗಿದಾಳೆ ಅಂದ್ರಿ. ಈಗ ನೋವಿಲ್ಲ ಅಲ್ವಾ ಅಂದ್ರಿ. ಅಷ್ಟು ಖುಷಿಯಾಗಿದ್ರಿ. ಇಲ್ಲ ಅಂದ್ಬುಟ್ಟೆ."

ಆ ದಿನದ ಚೀಟಿ ನನಗೆ ಇವತ್ತಿಗೂ ನೆನಪಿದೆ. "ರೋಗಿಗೆ ಯಾವ ನೋವೂ ಇಲ್ಲ" ಎಂದು ಅದರಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಬೆರಳು, ಕಿವಿ, ಪ್ರಬಂಧ, ಕಾಗದ, ಇವೆಲ್ಲದರ ತಪ್ಪನ್ನು ನಾನು ಇಷ್ಟು ವರ್ಷ ಒಂದೊಂದಾಗಿ ನೋಡಿಕೊಂಡಿದ್ದೆ. ನನ್ನ ಮುಖ ಲೆಕ್ಕಕ್ಕೇ ಬಂದಿರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬಲ್ಲದ್ದು ಇಷ್ಟೇ. ನಾಲ್ಕೂ ಕೈಕಾಲು ನೋಡಿ, ಸ್ಕ್ಯಾನನ್ನೂ ನೋಡಿ. ನೋವು ಹೇಗಿದೆ ಎಂದು ಕೇಳಿ, ಇಲ್ಲ ಅಲ್ವಾ ಎಂದು ಕೇಳಬೇಡಿ. ಕೇಳಿದ ಮೇಲೆ, ಅವರು ಹೇಳಿ ಮುಗಿಸುವ ತನಕ ನಿಮ್ಮ ಮುಖ ಸುಮ್ಮನಿರಲಿ.